ಚಳಿಗಾಲದ ಮಗಳು

೧೪ ಡಿಸೆಂಬರ್ ೧೯೯೬

ಬೆಳಗಿನ ಹಾಲು ಡೇರಿಗೆ ಹಾಕಿ ಬಂದೆ. ಹಸು ಇವತ್ತೂ ಒದೆಯಿತು. ಮಹಡಿ ಕೋಣೆಗೆ ಹೊಡೆಸಿದ ಸುಣ್ಣ ಒಣಗಿದೆ. ನೆಲ ತೊಳೆದು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ. ಪಕ್ಕದ ಮನೆ ಬೆಟ್ಟಮ್ಮ ಕಾಂಪೌಂಡಿನ ಆಚೆಯಿಂದ ಕೇಳಿದಳು, “ಚಳಿ ನೆಂಟ್ರು ಬರೋ ವೊತ್ತಾಯ್ತಾ ಚೆಲುವಮ್ಮ?”

ಚಳಿ ನೆಂಟರು... ನಮ್ಮ ಬೀದಿಯವರು ಇಟ್ಟ ಹೆಸರು. ಶಿಮ್ಲಾದಲ್ಲಿ ಹಿಮ ಬೀಳುವಾಗ ಶಾಲೆಗೆ ದೊಡ್ಡ ರಜ. ಭಾವ, ಅವರ ಹೆಂಡತಿ ಪ್ರಮೀಳಕ್ಕ, ಅರ್ಪಿತ — ಮೂವರೂ ಶ್ರೀರಂಗಪಟ್ಟಣಕ್ಕೆ, ನಮ್ಮ ಮನೆಗೆ. ಫೆಬ್ರವರಿಯಲ್ಲಿ ಶಾಲೆ ತೆರೆಯುವವರೆಗೂ ಇಲ್ಲೇ. ಭಾವ ಅಂದರೆ ಇವರ ಅಣ್ಣ ರಘುನಂದನ್. ಅಲ್ಲಿ ಸೆಂಟ್ರಲ್ ಗೌರ್ಮೆಂಟ್ ಕೆಲಸ. ಇವರದು ಇಲ್ಲೇ, ಲೈನ್‌ಮನ್.

ಬರೆಯಬಾರದು ಅಂದುಕೊಳ್ಳುತ್ತೇನೆ. ಆದರೆ ಬಾಯಲ್ಲಿ ಆಡುವ ಹಾಗಿಲ್ಲ. ಇಲ್ಲಾದರೂ ಒಂದು ಕಡೆ ಇರಲಿ — ಅರ್ಪಿತ ನಾನು ಹೆತ್ತ ಮಗು.

ಅಕ್ಕನಿಗೆ ಮೂರು ಸಲ ಬಸಿರು ನಿಲ್ಲಲಿಲ್ಲ. ನನಗೆ ಮಗ ಕಿಶನ್ ಇದ್ದ, ಹಿಂದೆಯೇ ಇವಳು ಹುಟ್ಟಿದಳು. ಅತ್ತೆ ಒಂದು ದಿನ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಂದರು, “ಒಂದೇ ಮನೆ ಮಗು ತಾನೆ, ಎಲ್ಲಿ ಬೆಳುದ್ರೇನು. ಚಳೀಲಿ ಬತ್ತಾವ್ರೆ, ನೋಡ್ಕೊಳುವಂತೆ.” ಇವರು ತಲೆ ತಗ್ಗಿಸಿ ಕೂತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಪಿತ ಇನ್ನೂ ನನ್ನ ಹಾಲು ಕುಡಿಯುತ್ತಿದ್ದಳು.

ಈಗ ಹನ್ನೆರಡು. ನನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ.

೨೧ ಡಿಸೆಂಬರ್

ಬಂದರು. ಸ್ಟೇಷನ್ನಿಗೆ ಇವರ ಜೊತೆ ನಾನೂ ಹೋಗಿದ್ದೆ. ರೈಲಿನಿಂದ ಮೊದಲು ಇಳಿದವಳು ಅವಳೇ. ನನ್ನ ಭುಜದವರೆಗೆ ಬೆಳೆದಿದ್ದಾಳೆ. ಇಳಿದ ತಕ್ಷಣ ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. “ತಗೋ ಚಿಕ್ಕಮ್ಮ. ನಿಮ್ಮೂರಲ್ಲಿ ಬೇಸಿಗೆ.”

ಬೀದಿಯಲ್ಲಿ ಎಲ್ಲರೂ ಮಫ್ಲರು, ಟೋಪಿ. ಇವಳು ತೆಳು ಫ್ರಾಕಿನಲ್ಲಿ ಕುಣಿದುಕೊಂಡು ನಡೆದಳು. ಬೆಟ್ಟಮ್ಮ ಕಂಬಳಿಯೊಳಗಿಂದ “ನೋಡ್ದವ್ರ್ಗೇ ನಡ್ಕ ಬತ್ತದೆ ಕಣವ್ವ” ಅಂದಳು.

ಸ್ವೆಟರ್ ಇನ್ನೂ ಬೆಚ್ಚಗಿತ್ತು. ಮನೆ ಬರುವವರೆಗೂ ಅಕ್ಕನಿಗೆ ಕೊಡಲಿಲ್ಲ.

೨೭ ಡಿಸೆಂಬರ್

ಅವರೆಕಾಯಿ ಸುಲಿದೆವು, ಮೂವರೂ. ಕಾಳು ಹಿತುಕುವುದು ಅರ್ಪಿತಳಿಗೆ ಆಟ. ಒಂದು ಹಾರಿ ಅತ್ತೆಯ ಕಣ್ಣಿಗೇ ಬಿತ್ತು. ಅತ್ತೆ ಬೈದದ್ದಕ್ಕೆ ಹಿಂದಿಯಲ್ಲಿ ಏನೋ ಅಂದಳು. ಅಕ್ಕ ನಕ್ಕಳು. ನನಗೆ ಅರ್ಥವಾಗಲಿಲ್ಲ, ಆದರೂ ನಕ್ಕೆ.

ಅಕ್ಕ ಒಳ್ಳೆಯವಳು. ಅದನ್ನೂ ಬರೆಯಬೇಕು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣ ಹುಡುಕಿದ್ದೇನೆ, ಸಿಗುವುದಿಲ್ಲ. ಮಗುವಿಗೆ ಜ್ವರ ಬಂದರೆ ಅವಳ ಮುಖ ಸಣ್ಣದಾಗುತ್ತದೆ.

೫ ಜನವರಿ ೧೯೯೭

ಭಾವ, ಅಕ್ಕ ಬಿಂಡಿಗನವಿಲೆಗೆ ಹೋಗಿದ್ದಾರೆ, ಅಕ್ಕನ ತವರಿಗೆ. ಗೃಹಪ್ರವೇಶ. ಅರ್ಪಿತಳಿಗೆ ನೆಗಡಿ ಅಂತ ಇಲ್ಲೇ ಬಿಟ್ಟು ಹೋದರು.

ಹತ್ತು ಗಂಟೆ ಹೊತ್ತಿಗೆ ಬಚ್ಚಲಿನಿಂದ ಕೂಗಿದಳು. “ಚಿಕ್ಕಮ್ಮ... ಚಿಕ್ಕಮ್ಮ, ಬೇಗ ಬಾ.” ಹಾವು ಬಂತೇನೋ ಅಂತ ಓಡಿದೆ. ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ತನಗೆ ಏನೋ ಕಾಯಿಲೆ, ಸತ್ತುಹೋಗುತ್ತೇನೆ ಅಂದುಕೊಂಡಿದ್ದಳು.

ಮಗು ದೊಡ್ಡವಳಾಗಿದ್ದಾಳೆ.

ಬಿಸಿನೀರು ಹಾಕಿದೆ. ಹೆದರಬೇಡ, ಎಲ್ಲ ಹೆಣ್ಣುಮಕ್ಕಳಿಗೂ ಆಗುತ್ತೆ ಅಂತ ನಿಧಾನಕ್ಕೆ ಎಲ್ಲ ಹೇಳಿಕೊಟ್ಟೆ. ತಲೆ ಒರೆಸುವಾಗ ನನ್ನ ಸೊಂಟಕ್ಕೆ ಆತುಕೊಂಡು ನಿಂತಳು. “ನೀನು ಇದ್ದೆಯಲ್ಲ, ಸದ್ಯ” ಅಂದಳು.

ಇಷ್ಟು ವರ್ಷದಲ್ಲಿ ನನ್ನ ಪಾಲಿಗೆ ಬಂದದ್ದು ಇದೊಂದು. ಅಕ್ಕನಿಗೆ ಹೇಳಿ ಕಳಿಸಬೇಕು. ಸಂಜೆ ಕಳಿಸುತ್ತೇನೆ. ಸಂಜೆಯವರೆಗೂ ಇರಲಿ.

೬ ಜನವರಿ

ಅಕ್ಕ ಮಧ್ಯಾಹ್ನದ ಬಸ್ಸಿಗೆ ಬಂದಳು. ಚಪ್ಪಲಿ ಬಿಡದೆ ಒಳಕ್ಕೆ ನುಗ್ಗಿ ಮಗುವನ್ನು ತಬ್ಬಿಕೊಂಡಳು. “ನಾನು ಇರ್ಬೇಕಾಗಿತ್ತು. ಹೋಗಿದ್ದೇ ತಪ್ಪು” ಅಂತ ಅದನ್ನೇ ಹೇಳುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಹೆದರ್ಕೊಂಡ್ಲಾ?”

“ಇಲ್ಲ ಅಕ್ಕ” ಅಂದೆ.

೯ ಜನವರಿ

ಅತ್ತೆಯದು ಹಳೆಯ ಪದ್ಧತಿ. ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಕಟ್ಟಬೇಕು, ಅದರೊಳಗೆ ಹುಡುಗಿಯನ್ನು ಕೂರಿಸಿ ಆರತಿ ಮಾಡಬೇಕು. ಭಾವ “ಈ ಕಾಲದಲ್ಲಿ ಎಂತದಮ್ಮ” ಅಂದರು. ಅತ್ತೆ ಕೇಳಲಿಲ್ಲ. ಭಾನುವಾರ ಅಂತ ಆಯಿತು.

“ಚಿಕ್ಕಯ್ಯಂಗೆ ಯೋಳಿ ಕಳ್ಸಿ. ಅವ್ನೇ ಗುಡ್ಲಾಕ್ಲಿ.”

ಚಿಕ್ಕಯ್ಯ ಅಕ್ಕನ ಅಣ್ಣ. ಹೊರಗಿನವರ ಕಣ್ಣಿಗೆ ಅವನೇ ಸೋದರಮಾವ. ನನ್ನ ತಮ್ಮ ನಾಗರಾಜು ಪಾಂಡವಪುರದಲ್ಲಿದ್ದಾನೆ, ಬಸ್ಸಿಗೆ ಕೂತರೆ ಇಷ್ಟು ದೂರ. ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಮೊದಲು ಎತ್ತಿಕೊಂಡವನು ಅವನು.

ನಾನು ರೊಟ್ಟಿ ತಟ್ಟುತ್ತಿದ್ದೆ. ಇವರು ನನ್ನ ಮುಖ ನೋಡಿದರು. ತಟ್ಟುತ್ತಲೇ ಇದ್ದೆ.

೧೨ ಜನವರಿ, ಭಾನುವಾರ

ಹೇಗೆ ಬರೆಯಲಿ.

ಚಿಕ್ಕಯ್ಯ ಬೆಳಿಗ್ಗೆಯೇ ಬಂದು ನಡುಮನೆಯಲ್ಲಿ ಗುಡ್ಲು ಕಟ್ಟಿದ. ತೆಂಗಿನ ಗರಿ, ಹಸಿ ಸೊಪ್ಪು, ಮನೆಯೆಲ್ಲಾ ಅದೇ ವಾಸನೆ. ಬೀದಿಯ ಹೆಂಗಸರು ಸೇರಿದ್ದರು. ಅರ್ಪಿತ ಎಣ್ಣೆನೀರು ಹಾಕಿಸಿಕೊಂಡು ಒಳಕೋಣೆಯಲ್ಲಿ ಕೂತಿದ್ದಳು, ಬಾಗಿಲು ಅರ್ಧ ತೆರೆದಿತ್ತು.

ಆಗ ನಾಗರಾಜು ಬಂದ. ಹೆಗಲ ಮೇಲೆ ಸೊಪ್ಪಿನ ಹೊರೆ. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಬಳೆ, ಹೂವು. ಯಾರು ಹೇಳಿದರೋ. ಬಿಳೀ ಶರ್ಟು ಹಾಕಿಕೊಂಡು ಮದುವೆಗೆ ಬಂದವನ ಹಾಗೆ ನಗುತ್ತಾ ಬಂದ. ಗುಡ್ಲು ಆಗಲೇ ಎದ್ದಿದ್ದು ನೋಡಿ ಹೊಸ್ತಿಲಲ್ಲೇ ನಿಂತ.

ಅತ್ತೆ ಅಂದರು, “ನಿನ್ನ್ಯಾರ್ಲಾ ಕರುದ್ರು ನಾಗ್ರಾಜ?”

“ನನ್ನ್ ಕರೀಬೇಕಾ ಅತ್ತೆ?”

“ಸುಮ್ಕೆ ಬಂದೋನು ಉಂಡ್ಕೊಂಡೋಗು. ಸೊಪ್ಪ ಆಚೆ ಆಕು.”

ಅವನು ಹೊರೆ ಇಳಿಸಲಿಲ್ಲ. ಗಟ್ಟಿಯಾಗಿಯೂ ಮಾತಾಡಲಿಲ್ಲ. “ಮಗೀನ ಕೊಟ್ರಿ, ಆಗ್ಲೂ ನನ್ನ ಕೇಳ್ನಿಲ್ಲ. ಇದೊಂದ್ ದಿವ್ಸ ನಂದು ಅತ್ತೆ. ಸೋದರಮಾವ ನಾನು.”

ಯಾರದೋ ಕೈಯ ತಟ್ಟೆ ಟಣ್ ಅಂತು. ನಾನು ಅಡಿಗೆಮನೆ ಬಾಗಿಲಲ್ಲಿದ್ದೆ. ಅಲ್ಲಿಂದ ಒಳಕೋಣೆ ಕಾಣುತ್ತದೆ. ಅರ್ಪಿತ ಎದ್ದು ನಿಂತಿದ್ದಳು, ಒದ್ದೆ ಕೂದಲು ಬೆನ್ನ ಮೇಲೆ. ಅವನನ್ನು ನೋಡಿದಳು. ಆಮೇಲೆ ನನ್ನನ್ನು.

ಇವರು ನಾಗರಾಜುವಿನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. “ಬಾ ಮಾರಾಯ, ಬಾ... ಎಲ್ರೂ ಅವ್ರೆ.” ಅವನು ಒಂದು ಲೋಟ ನೀರೂ ಕುಡಿಯಲಿಲ್ಲ. ಸೀರೆ, ಬಳೆ ಜಗಲಿ ಮೇಲೆ ಇಟ್ಟು ಹೊರಟುಹೋದ. ನಾನು ಹೊರಗೆ ಹೋಗಲಿಲ್ಲ. ನನ್ನ ಬೆನ್ನಿಗೆ ಬಿದ್ದ ತಮ್ಮ. ಹೋಗಿ ಕೈ ಹಿಡಿಯಲಿಲ್ಲ.

ಶಾಸ್ತ್ರ ಆಯಿತು. ಆರತಿ ಅಕ್ಕನೇ ಎತ್ತಿದಳು. ಎಲ್ಲರೂ ಉಂಡು ಹೋದ ಮೇಲೆ ಅಕ್ಕ ಅಡಿಗೆಮನೆಗೆ ಬಂದಳು.

“ಚೆಲುವಿ, ಅವಳು ನಿನ್ನ ಕೇಳ್ತಾಳೆ.”

“ಕೇಳ್ತಾಳೆ.”

“ಏನಂತೀಯ?”

ಅಕ್ಕ ಒಲೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ರೇಷ್ಮೆ ಸೀರೆ, ಬೂದಿ ಅಂತಲೂ ನೋಡಲಿಲ್ಲ. “ನಿಂಗೆ ಕಿಶನ್ ಅವ್ನೆ. ನಂಗೆ ಅವಳು ಬಿಟ್ರೆ ಯಾರೂ ಇಲ್ಲ ಕಣೆ. ಇನ್ನೊಂಚೂರು ದೊಡ್ಡವಳಾಗ್ಲಿ, ನಾನೇ ಹೇಳ್ತೀನಿ. ಈಗ ಬ್ಯಾಡ. ನಿನ್ನ ಕಾಲು ಹಿಡ್ಕೋತೀನಿ.”

ನಿಜವಾಗಿಯೂ ಹಿಡಿಯಲು ಬಗ್ಗಿದಳು. ನನಗಿಂತ ದೊಡ್ಡವಳು. ತಡೆದೆ. “ಆಯ್ತು ಅಕ್ಕ” ಅಂದೆ.

೧೩ ಜನವರಿ, ಮಧ್ಯಾಹ್ನ

ಕೇಳಿದಳು.

ಮಹಡಿಯ ಮೇಲೆ ಬಿಸಿಲಲ್ಲಿ ಕೂತು ಅವಳ ಸಿಕ್ಕು ಬಿಡಿಸುತ್ತಿದ್ದೆ. ನನ್ನ ಪಾದದ ಪಕ್ಕ ತನ್ನ ಪಾದ ಇಟ್ಟಳು.

“ನೋಡು ಚಿಕ್ಕಮ್ಮ. ನಿಂದೂ ಎರಡನೇ ಬೆರಳು ಉದ್ದ, ನಂದೂ ಉದ್ದ.”

“ಒಂದೇ ಮನೆಯವರಲ್ವಾ.”

“ನೀನು ಈ ಮನೆಗೆ ಮದುವೆಯಾಗಿ ಬಂದವಳು.”

ಬಾಚಣಿಗೆ ನಿಂತಿತು. ಕೆಳಗೆ ಅಕ್ಕ ಬಟ್ಟೆ ಒಗೆಯುತ್ತಿದ್ದ ಸದ್ದೂ ನಿಂತಿತು. ಅಥವಾ ನನಗೆ ಹಾಗೆ ಅನ್ನಿಸಿತೋ.

“ಚಿಕ್ಕಮ್ಮ, ನನ್ನ ಹೆತ್ತಿದ್ದು ನೀನಾ?”

“ಇಲ್ಲ.”

“ಮತ್ತೆ ನಾಗರಾಜು ಮಾವ...”

“ಅವನು ನನ್ನ ತಮ್ಮ. ನಿಂಗೂ ಮಾವನೇ ಅಲ್ವಾ. ಆ ಅರ್ಥದಲ್ಲಿ ಅಂದ.”

“ನಿಜ?”

“ನಿಜ ಕಣವ್ವ.”

ತಿರುಗಿ ನನ್ನ ಮುಖ ನೋಡಿದಳು. ತುಂಬಾ ಹೊತ್ತು. ಆಮೇಲೆ “ಸರಿ” ಅಂದಳು. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು ತಾನೇ ಬಾಚಿಕೊಂಡು ಕೆಳಗೆ ಹೋದಳು.

ಸಮಾಧಾನವಾಗಿರಬೇಕು ಮಗುವಿಗೆ. ಹಾಗೇ ಕಂಡಿತು.

೧೪ ಜನವರಿ

ಸಂಕ್ರಾಂತಿ. ಎಳ್ಳು ಬೀರಲು ಅಕ್ಕನ ಜೊತೆ ಹೋದಳು. ಹೋದ ವರ್ಷ ನನ್ನ ಜೊತೆ ಬಂದಿದ್ದಳು.

೨೨ ಜನವರಿ

ಹೊರಟರು. ಫೆಬ್ರವರಿಗೆ ಇನ್ನೂ ದಿನ ಇತ್ತು. ಭಾವನಿಗೆ ಆಫೀಸಿನಲ್ಲಿ ಕೆಲಸವಂತೆ. ಅತ್ತೆ ತಡೆಯಲಿಲ್ಲ. ಅತ್ತೆಯೂ ಈಚೆಗೆ ಮೆತ್ತಗಾಗಿದ್ದಾರೆ.

ಸ್ಟೇಷನ್ನಿನಲ್ಲಿ ಅರ್ಪಿತ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಯಾವತ್ತೂ ಮಾಡಿದವಳಲ್ಲ, ಕುತ್ತಿಗೆಗೆ ಜೋತುಬೀಳುತ್ತಿದ್ದವಳು. ದೊಡ್ಡವಳಾದಳಲ್ಲ, ಅದಕ್ಕೆ ಅಂದರು ಇವರು. ರೈಲು ಹೋದ ಮೇಲೂ ಇವರು ನನ್ನ ಕಡೆ ನೋಡದೆ ಹಳಿಯನ್ನೇ ನೋಡುತ್ತಿದ್ದರು. “ಅವತ್ತು ನಾನು ಅವ್ವಂಗೆ ಆಗಲ್ಲ ಅನ್ಬೇಕಾಗಿತ್ತು ಕಣೆ.” ಹನ್ನೆರಡು ವರ್ಷಕ್ಕೆ ಈಗ.

೧೭ ಜೂನ್

ಬರೆದೇ ಇಲ್ಲ. ಬರೆಯುವಂಥದ್ದೂ ಇಲ್ಲ. ಅತ್ತೆ ಏಪ್ರಿಲ್‌ನಲ್ಲಿ ತೀರಿಕೊಂಡರು. ಮಣ್ಣಿಗೆ ಭಾವ ಒಬ್ಬರೇ ಬಂದಿದ್ದರು, ಮಗುವಿಗೆ ಪರೀಕ್ಷೆ ಅಂತ. ನಾಗರಾಜು ಬಂದಿದ್ದ. ಮಣ್ಣು ಹಾಕಿ, ನನ್ನನ್ನು ಮಾತಾಡಿಸದೆ ಹೋದ.

ಅವನು ತಂದ ಸೀರೆ ನನ್ನ ಪೆಟ್ಟಿಗೆಯಲ್ಲೇ ಇದೆ. ಹಸಿರು, ಸಣ್ಣ ಅಂಚು.

೨೦ ಡಿಸೆಂಬರ್ ೧೯೯೭

ಕೋಣೆ ತೊಳೆದಿದ್ದೆ. ಅವರೆಕಾಯಿ ತರಿಸಿದ್ದೆ. ಸ್ಟೇಷನ್ನಿಗೆ ಬೇಗನೆ ಹೋದೆವು.

ರೈಲಿನಿಂದ ಭಾವ ಇಳಿದರು. ಅಕ್ಕ ಇಳಿದಳು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಯಾರೋ ಮೂಟೆ ಇಳಿಸಿದರು. ರೈಲು ಮೈಸೂರಿನ ಕಡೆ ಹೊರಟಿತು.

“ಅರ್ಪಿತ?” ಅಂದರು ಇವರು.

ಭಾವ ಚೀಲ ಎತ್ತಿಕೊಂಡು, “ಬೆಂಗಳೂರಿಂದ ಚಿಕ್ಕಯ್ಯನ ಜೊತೆ ಬಿಂಡಿಗನವಿಲೆಗೆ ಹೋದ್ಲು. ಅಲ್ಲೇ ಇರ್ತಾಳಂತೆ ಈ ಸಲ.”

ಅಕ್ಕ ತುಂಬಾ ಸೊರಗಿಹೋಗಿದ್ದಾಳೆ.

೨೧ ಡಿಸೆಂಬರ್

ಅಕ್ಕ ಹೇಳಿದಳು. ಅತ್ತೆ ಸತ್ತ ಸುದ್ದಿ ಬಂದಾಗ ಅರ್ಪಿತ ಕೇಳಿದಳಂತೆ — ಅಜ್ಜಿ ಹೋದ್ಲು, ಈಗಲಾದ್ರೂ ನಿಜ ಹೇಳ್ತೀರಾ ಅಂತ.

“ಸುಳ್ಳು ಹೇಳಕ್ಕೆ ಬಾಯಿ ಬರ್ನಿಲ್ಲ ಚೆಲುವಿ. ಹೇಳ್ಬುಟ್ಟೆ.”

“ನನ್ನ ಕೈಲಿ ಸುಳ್ಳು ಹೇಳ್ಸಿ, ನೀವು ನಿಜ ಹೇಳಿದ್ರಾ ಅಕ್ಕ?”

ಇಷ್ಟು ವರ್ಷದಲ್ಲಿ ಅವಳಿಗೆ ನಾನು ಎದುರು ಆಡಿದ್ದು ಇದೇ ಮೊದಲು. ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡಳು. ಅರ್ಪಿತ ಅತ್ತಳಾ ಅಂತ ಕೇಳಿದೆ. ಅಳಲಿಲ್ಲವಂತೆ. ಒಂದೇ ಮಾತು ಅಂದಳಂತೆ — ನಾನು ಚಿಕ್ಕಮ್ಮನ್ನೇ ಕೇಳಿದ್ದೆ. ಅವಳು ಇಲ್ಲ ಅಂದ್ಲು.

೨೬ ಡಿಸೆಂಬರ್

ನಾಳೆ ಬಿಂಡಿಗನವಿಲೆಗೆ ಹೋಗುತ್ತೇನೆ. ಇವರು “ಜೊತೆಗೆ ಬರ್ಲಾ” ಅಂದರು. ಬೇಡ ಅಂದೆ. ಅಕ್ಕನಿಗೂ ಹೇಳಿದೆ. ತಲೆ ಆಡಿಸಿದಳು.

೨೭ ಡಿಸೆಂಬರ್

ಹೋಗಿ ಬಂದೆ. ಮೈಯೆಲ್ಲ ಬಸ್ಸಿನ ಧೂಳು. ಸ್ನಾನ ಮಾಡಬೇಕು, ಮಾಡಿಲ್ಲ. ಮೊದಲು ಬರೆದುಬಿಡುತ್ತೇನೆ.

ಪಾಂಡವಪುರದಲ್ಲಿ ಬಸ್ಸು ನಿಂತಾಗ ಇಳಿದು ನಾಗರಾಜುವಿನ ಮನೆಗೆ ಹೋಗೋಣ ಅನ್ನಿಸಿತು. ಇಳಿಯಲಿಲ್ಲ. ನಾಗಮಂಗಲದಲ್ಲಿ ಬಸ್ಸು ಬದಲಾಯಿಸಿದೆ. ಆ ಕಡೆ ನಾಲೆ ನೀರಿಲ್ಲ, ಹುರುಳಿ ಹೊಲ, ಕುರಿ ಮಂದೆ. ನನ್ನ ಪಕ್ಕ ಒಬ್ಬಳು ಮುದುಕಿ ಕೂತು “ಯಾರ್ ಮನ್ಗವ್ವ?” ಅಂದಳು. ಚಿಕ್ಕಯ್ಯನ ಮನೆಗೆ ಅಂದೆ. “ಏನಾಗ್ಬೇಕು?” ಅಂದಳು. ನೆಂಟರು ಅಂದೆ.

ಅರ್ಪಿತ ಅಂಗಳದಲ್ಲಿ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನಷ್ಟೇ ಎತ್ತರ. ಕೂದಲು ಕತ್ತರಿಸಿಬಿಟ್ಟಿದ್ದಾಳೆ, ಕಿವಿಯವರೆಗೆ. ನನ್ನನ್ನು ನೋಡಿ ಎದ್ದಳು. ಓಡಿ ಬರಲಿಲ್ಲ, ಒಳಕ್ಕೂ ಹೋಗಲಿಲ್ಲ.

“ಬನ್ನಿ ಚಿಕ್ಕಮ್ಮ. ಕೂತ್ಕೊಳಿ.”

ಬನ್ನಿ ಅಂದಳು. ಕೂತ್ಕೊಳಿ ಅಂದಳು. ಹುಟ್ಟಿದಾಗಿನಿಂದ ಬಾ, ಹೋಗು, ನೀನು ಅಂದವಳು. ಅತ್ತೆ ಎಷ್ಟೋ ಸಲ ಬೈದಿದ್ದರು, ದೊಡ್ಡೋರ್‍ಗೆ ಬಹುವಚನ ಕಲ್ತ್ಕೊ ಅಂತ. ಕಲಿತಿರಲಿಲ್ಲ.

ಒಳಗಿನಿಂದ ನೀರು, ಬೆಲ್ಲ ತಂದು ಕೊಟ್ಟಳು, ನೆಂಟರಿಗೆ ಕೊಟ್ಟ ಹಾಗೆ. ಚಿಕ್ಕಯ್ಯನ ಹೆಂಡತಿ ಅಡಿಗೆಗೆ ಅಂತ ಒಳಗೆ ಹೋದಳು, ನಮ್ಮಿಬ್ಬರನ್ನೇ ಬಿಟ್ಟು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

“ಹೌದು” ಅಂದೆ.

ಅವಳು ನೋಡಿದಳು.

“ಅವತ್ತು ಕೇಳಿದೆಯಲ್ಲ, ಮಹಡಿ ಮೇಲೆ. ಹೌದು. ನಾನೇ ಹೆತ್ತಿದ್ದು.”

“ಗೊತ್ತು. ಅಮ್ಮ ಹೇಳಿದ್ರು.”

“ಅಕ್ಕ ಬೇಡ ಅಂದ್ರು. ಮಾತು ಕೊಟ್ಬುಟ್ಟಿದ್ದೆ...”

“ಗೊತ್ತು” ಅಂದಳು ಮತ್ತೆ. ಕುರಿಮರಿ ಅವಳ ಲಂಗದ ಅಂಚನ್ನು ಬಾಯಿಗೆ ಹಾಕಿಕೊಂಡಿತ್ತು. ಬಿಡಿಸಿಕೊಂಡಳು. “ನಾನು ಪಾಪು ಆಗಿದ್ದಾಗ ಕೊಟ್ರಿ. ಅದಕ್ಕೆ ನಂಗೆ ಬೇಜಾರಿಲ್ಲ ಚಿಕ್ಕಮ್ಮ. ನಂಗೆ ನೆನಪೇ ಇಲ್ಲ. ಅಮ್ಮ ಅಪ್ಪ ಚೆನ್ನಾಗಿ ನೋಡ್ಕೊಂಡಿದ್ದಾರೆ. ಆದ್ರೆ ನಾನು ಬಂದು ಕೇಳ್ದೆ. ಕೇಳ್ದಾಗ್ಲೂ ಕೊಟ್ಬಿಟ್ರಿ.”

ಸಿಟ್ಟಿನಲ್ಲಿ ಅನ್ನಲಿಲ್ಲ. ಸಿಟ್ಟಿನಲ್ಲಿ ಅಂದಿದ್ದರೆ ಅಪ್ಪಿಕೊಳ್ಳುತ್ತಿದ್ದೆ.

“ನೀವು ಹೌದು ಅಂದಿದ್ರೂ ನಾನು ಅಮ್ಮನ ಜೊತೇನೇ ಹೋಗ್ತಿದ್ದೆ. ಸುಮ್ನೆ... ಒಂದು ಸಲ ಕೇಳಿಸ್ಕೋಬೇಕಿತ್ತು.”

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಲೋಟ ತೆಗೆದುಕೊಂಡು ಹೋಗಿ ಮತ್ತೆ ನೀರು ತುಂಬಿಸಿಕೊಂಡು ಬಂದಳು.

ಊಟ ಮಾಡಿಸಿದರು. ಅವಳೇ ಬಡಿಸಿದಳು. ನಾಗರಾಜುವಿನ ಸೀರೆ ಕೊಟ್ಟೆ. “ಮಾವ ಅವತ್ತು ತಂದಿದ್ದಾ?” ಅಂದಳು. ಬಿಚ್ಚಿ ನೋಡಿದಳು, ಮತ್ತೆ ಅದೇ ಮಡಿಕೆಗೆ ಮಡಿಸಿ ಇಟ್ಟುಕೊಂಡಳು. ಇಟ್ಟುಕೊಂಡಳು, ಅದಾದರೂ.

ಬಸ್‌ಸ್ಟಾಪಿನವರೆಗೆ ಬಂದಳು. ದಾರಿಯಲ್ಲಿ ಕಿಶನ್ ವಿಷಯ ಕೇಳಿದಳು. ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ, ಹಾಸ್ಟೆಲ್ಲಿನಲ್ಲಿದ್ದಾನೆ ಅಂದೆ. “ಅವನಿಗೆ ಗೊತ್ತಿತ್ತಾ?” ಅಂದಳು. ಗೊತ್ತಿತ್ತು ಅಂದೆ. ಬಸ್ಸು ಬಂತು.

“ಮನೆಗೆ ಬಾ ಅರ್ಪಿತ. ಹೋಗೋದ್ರೊಳಗೆ ಒಂದು ದಿನ.”

“ನೋಡ್ತೀನಿ ಚಿಕ್ಕಮ್ಮ. ಹುಷಾರಾಗಿ ಹೋಗಿ.”

೨೮ ಡಿಸೆಂಬರ್

ಅಕ್ಕ ಬೆಳಿಗ್ಗೆ ಒಲೆಯ ಹತ್ತಿರ ಬಂದು ಕೂತಳು. “ಏನಂದ್ಲು?”

ಬೈಯಬೇಕು ಅಂತ ಇತ್ತು. ಬಾಯಿ ಏಳಲಿಲ್ಲ. “ನಿಮ್ಮನ್ನ ಅಮ್ಮ ಅಂತಾನೇ ಅಂದ್ಲು ಅಕ್ಕ. ಚೆನ್ನಾಗಿ ನೋಡ್ಕೊಂಡಿದ್ದಾರೆ ಅಂದ್ಲು.”

ಅಕ್ಕ ಒಲೆಗೆ ಒಂದು ಸೌದೆ ತಳ್ಳಿದಳು. “ಏಪ್ರಿಲ್‌ನಿಂದ ನನ್ನ ಪಕ್ಕ ಮಲ್ಗಲ್ಲ ಚೆಲುವಿ. ಕೇಳಿದ್ದಕ್ಕೆ ಉತ್ರ ಕೊಡ್ತಾಳೆ. ಅಷ್ಟೆ.”

ಇಬ್ಬರೂ ಅವರೆಕಾಯಿ ಸುಲಿದೆವು. ಒಬ್ಬರ ಎರಡು ಕೈಗೆ ಸಾಕಾಗುವಷ್ಟೇ ಇತ್ತು, ಇಬ್ಬರೂ ಕೂತು ಸುಲಿದೆವು.

೧೮ ಜನವರಿ ೧೯೯೮

ಭಾವ, ಅಕ್ಕ ಹೊರಟರು. ಅರ್ಪಿತಳನ್ನು ಚಿಕ್ಕಯ್ಯ ಬೆಳ್ಳೂರು ಕ್ರಾಸಿನ ಮೇಲೆ ನೇರ ಬೆಂಗಳೂರಿಗೆ ಕರೆತರುತ್ತಾನಂತೆ. ಈ ಕಡೆ ಹಾಯುವುದಿಲ್ಲ. ಸಂಕ್ರಾಂತಿಗೆ ಬರಬಹುದು ಅಂತ ಇದ್ದೆ. ಬರಲಿಲ್ಲ.

ಮಹಡಿ ಕೋಣೆಯ ಹೊದಿಕೆ ಒಗೆದು ಹರವುತ್ತಿದ್ದೆ. ಬೆಟ್ಟಮ್ಮ ಕಾಂಪೌಂಡಿನ ಆಚೆ ನಿಂತಿದ್ದಳು.

“ಇದೇನ್ ಚೆಲುವಮ್ಮ, ಈ ಸಲ ಆ ನೆಂಟ್ರ ಮಗ್ಳು ಬರ್ಲೇ ಇಲ್ವಲ್ಲ.”

“ನೆಂಟರ ಮಗಳಲ್ಲ ಬೆಟ್ಟಮ್ಮ. ನನ್ನ ಮಗಳು.”

ಬಂದುಬಿಟ್ಟಿತು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಬಾಯಿಬಿಟ್ಟು ಅಂದದ್ದು ಜೀವಮಾನದಲ್ಲಿ ಇದೇ ಮೊದಲು, ಅದೂ ಬೆಟ್ಟಮ್ಮನ ಹತ್ತಿರ. ಅವಳು ಗಾಬರಿಯಾಗುತ್ತಾಳೆ ಅಂದುಕೊಂಡೆ. ಆಗಲಿಲ್ಲ.

“ಗೊತ್ತು ಕಣವ್ವ” ಅಂದಳು ಮೆತ್ತಗೆ. “ಬೀದ್ಗೆಲ್ಲ ಗೊತ್ತು. ನಿನ್ ಬಾಯಿಂದ ಬರ್ಲಿ ಅಂತ ಸುಮ್ಕಿದ್ದೋ.”

ಬೀದಿಗೆಲ್ಲ ಗೊತ್ತಿತ್ತು. ಹಾಲಿನ ಡೇರಿಯವರಿಗೆ, ಬಳೆಯವಳಿಗೆ, ಎಲ್ಲರಿಗೂ. ಎಲ್ಲರೂ ನನ್ನ ಬಾಯಿಂದ ಬರಲಿ ಅಂತ ಕಾದಿದ್ದರು. ಅವಳೊಬ್ಬಳು ಬಂದು ಕೇಳಿದಳು, ಅವಳೊಬ್ಬಳಿಗೆ ಇಲ್ಲ ಅಂದೆ.